ಬಸವಣ್ಣನ ಎಡಗಿವಿಯ ಹೂವು

ಲಕ್ಷ್ಮೇಶ್ವರದ ನಮ್ಮ ಮನೆಯ ಪಡಸಾಲೆಯಲ್ಲಿ ಪ್ರತಿ ಸೋಮವಾರ ಸಂಜೆ ಭಜನೆ ನಡೆಯುತ್ತದೆ. ನಾನು ಸೊಸೆಯಾಗಿ ಬಂದಾಗಲೇ ನಡೆಯುತ್ತಿತ್ತು, ನಾನು ಸತ್ತ ಮೇಲೂ ನಡೆಯುತ್ತದೆ. ಹದಿನೆಂಟು ಇಪ್ಪತ್ತು ಹೆಂಗಸರು, ಮೂರು ಸ್ವರ ಸತ್ತಿರುವ ಒಂದು ಹಾರ್ಮೋನಿಯಂ, ಎರಡು ಜೊತೆ ತಾಳ, ಕೊನೆಗೆ ಮಂಡಕ್ಕಿ ಮತ್ತು ಮಿರ್ಚಿ. ದೇವರು ಬಂದರೆ ಮಿರ್ಚಿಯ ವಾಸನೆಗೆ ಬಂದಾನು, ಹಾಡಿಗಂತೂ ಅಲ್ಲ ಎಂದು ನಾನು ಗಂಡನಿಗೆ ಹೇಳುತ್ತಿದ್ದೆ. ಅವರು ನಗುತ್ತಿದ್ದರು, ನಕ್ಕಿದ್ದು ಪಡಸಾಲೆಗೆ ಕೇಳದಂತೆ.

ಬಳಗಕ್ಕೆ ನನ್ನ ಅತ್ತೆ ಹಿರಿಯಳು. ಆದರೆ ಆಳ್ವಿಕೆ ಎಣ್ಣೆ ಗಿರಣಿಯವರ ಮನೆಯ ಹೆಂಗಸಿನದು. ಅವರನ್ನು ನಾನು ಮನಸ್ಸಿನಲ್ಲಿ ಅಧ್ಯಕ್ಷರು ಎಂದು ಕರೆಯುತ್ತೇನೆ. ಯಾರೂ ಆರಿಸಿದ್ದಲ್ಲ. ಯಾವ ದಿನ ಯಾರು ಹಾಡಬೇಕು, ಯಾರ ಮನೆಯಿಂದ ಪ್ರಸಾದ, ಯಾರು ಮುಂದೆ ಕೂಡಬೇಕು, ಯಾರು ಬಾಗಿಲ ಹತ್ತಿರ, ಎಲ್ಲ ಅವರು ಹೇಳಿದ ಹಾಗೆ. ದಪ್ಪ ಕೊರಳು, ದಪ್ಪ ಬಳೆ, ಪೂರಾ ನೆರೆತ ಕೂದಲು, ಹಾಡುವಾಗ ಕಣ್ಣು ಮುಚ್ಚಿದರೂ ಯಾರು ತಾಳ ತಪ್ಪಿದರೆಂದು ಗೊತ್ತಾಗುತ್ತದೆ. ತಾನು ತಪ್ಪಿದ್ದು ಮಾತ್ರ ಗೊತ್ತಾಗುವುದಿಲ್ಲ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಆ ಕಾರಣಕ್ಕೇ ಈ ಹೆಂಗಸರನ್ನು ಹೀಗಳೆಯುತ್ತೇನೆ ಎಂದು ಊರು ತಿಳಿದಿದೆ. ಹಾಗಲ್ಲ. ಮದುವೆಯಾಗಿ ಮೂರು ವರ್ಷವಾದರೂ ನನಗೆ ಮಕ್ಕಳಾಗಲಿಲ್ಲ ಎಂಬುದು ನನಗಿಂತ ಮೊದಲು ಗೊತ್ತಾದದ್ದು ಈ ಬಳಗಕ್ಕೆ. ಅಲ್ಲಿಂದ ಮುಂದೆ ಏಳೆಂಟು ವರ್ಷ ನನ್ನ ಹೊಟ್ಟೆ ಅವರ ಸೋಮವಾರದ ವಿಷಯವಾಯಿತು. ಕೈಗೆ ದಾರ ಕಟ್ಟಿದರು. ಒದ್ದೆ ಸೀರೆಯಲ್ಲಿ ಅರಳಿ ಮರ ಸುತ್ತಿಸಿದರು. ಯಾರದೋ ಕೂಸನ್ನು ತಂದು ನನ್ನ ಮಡಿಲಿಗೆ ಹಾಕಿದರು. ಆ ಕೂಸು ನನ್ನ ಹೊಸ ಇಳಕಲ್ ಸೀರೆಯ ಮೇಲೆ ಉಚ್ಚೆ ಹೊಯ್ದಾಗ ಅದೂ ಶುಭವೇ ಎಂದು ಅಧ್ಯಕ್ಷರು ಘೋಷಿಸಿದರು. ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ನಾನು ಒಳಗೆ ಹೋಗಿ ಸೀರೆ ಬದಲಿಸಿ, ಅಡುಗೆ ಮನೆಯಲ್ಲಿ ನಿಂತು, ಇನ್ನು ಇವರ ನಡುವೆ ಕೂಡುವುದಿಲ್ಲ ಎಂದು ತೀರ್ಮಾನಿಸಿದೆ. ಅಲ್ಲಿಂದ ಸೋಮವಾರ ಸಂಜೆ ನನ್ನ ಕೋಣೆಯ ಬಾಗಿಲು ಹಾಕಿಕೊಂಡು ಉತ್ತರ ಪತ್ರಿಕೆ ತಿದ್ದುವುದು ರೂಢಿಯಾಯಿತು.

ನನ್ನ ಗಂಡನದು ಕಾಳಿನ ಅಡತಿ ಅಂಗಡಿ. ಇಡೀ ದಿನ ಗಾದಿಯ ಮೇಲೆ ಕೂತು ಕಡಲೆ, ಹೆಸರು, ಜೋಳದ ನಡುವೆ ದಿನ ಕಳೆಯುವ ಮನುಷ್ಯ. ಕೋವಿಡ್ ಗದ್ದಲ ಮುಗಿದ ಮೇಲಿನ ಒಂದು ಚಳಿಗಾಲ, ಎರಡು ದಿನ ಭೇದಿಯಾಗಿ ವಾಸಿಯಾಯಿತು. ಅದಾಗಿ ಎರಡು ವಾರಕ್ಕೆ, ಅಂಗಳದಲ್ಲಿ ನಡೆಯುತ್ತಿದ್ದವರ ಚಪ್ಪಲಿ ಕಾಲಿನಿಂದ ಕಳಚಿ ಹಿಂದೆ ಉಳಿಯಿತು, ಅವರಿಗೆ ಗೊತ್ತಾಗಲಿಲ್ಲ. ಪಾದ ಜುಮುಜುಮು ಅನ್ನುತ್ತದೆ ಎಂದರು. ಮರುದಿನ ಗಾದಿಯಿಂದ ಏಳಲು ಹೋದವರು ಕಾಲು ಬಾರದೆ ಕಡಲೆ ಚೀಲದ ಮೇಲೆ ಕುಸಿದರು. ಊರಿನ ಡಾಕ್ಟರು ನೋಡಿ, ಒಂದು ಗಂಟೆಯೂ ತಡ ಮಾಡದೆ ಗದಗಿಗೆ ಹೋಗಿರಿ ಎಂದರು.

ಗದಗಿನ ಆಸ್ಪತ್ರೆಯಲ್ಲಿ ನರರೋಗದ ಡಾಕ್ಟರಮ್ಮ ಇವರನ್ನು ಮಂಚದ ಅಂಚಿಗೆ ಕೂಡಿಸಿ, ಮೊಣಕಾಲಿನ ಕೆಳಗೆ ಸಣ್ಣ ಸುತ್ತಿಗೆಯಿಂದ ಬಡಿದರು. ಪ್ರತಿ ವರ್ಷ ಹತ್ತನೆಯ ತರಗತಿಯಲ್ಲಿ ನಾನು ಇದನ್ನೇ ಮಾಡಿ ತೋರಿಸುತ್ತೇನೆ. ಒಬ್ಬನನ್ನು ಟೇಬಲ್ಲಿನ ಮೇಲೆ ಕೂಡಿಸಿ ತಟ್ಟಿದರೆ ಕಾಲು ತಾನಾಗಿ ಚಿಮ್ಮುತ್ತದೆ, ತರಗತಿ ಹೋ ಎನ್ನುತ್ತದೆ. ನನ್ನ ಗಂಡನ ಕಾಲು ಚಿಮ್ಮಲಿಲ್ಲ. ಡಾಕ್ಟರಮ್ಮ ಇನ್ನೊಮ್ಮೆ ಬಡಿದರು. ಗೋಡೆಗೆ ನೇತುಹಾಕಿದ ಅಂಗಿಯ ತೋಳಿನ ಹಾಗೆ ಅದು ಸುಮ್ಮನೆ ಜೋತಿತ್ತು.

ಅದಕ್ಕೆ ಗಿಲಾನ್ ಬಾರೆ ಎಂದು ಹೆಸರು. ಮೈಯ ರಕ್ಷಣೆಗಿರುವ ಕಣಗಳೇ ತಪ್ಪು ತಿಳಿದು ನರಗಳ ಮೇಲೆ ಬೀಳುತ್ತವೆ. ಕಾಲಿನಿಂದ ಶುರುವಾಗಿ ಮೇಲಕ್ಕೆ ಏರುತ್ತದೆ. ಡಾಕ್ಟರಮ್ಮ ಶುದ್ಧ ಕನ್ನಡದಲ್ಲಿ ಹೇಳಿದರು: ಐದು ದಿನ ಔಷಧ ಕೊಡುತ್ತೇವೆ, ಆದರೂ ಮೊದಲು ಹೆಚ್ಚಾಗುತ್ತದೆ, ಉಸಿರಾಟದ ತನಕ ಹೋಗಬಹುದು. ಆಮೇಲೆ ನಿಲ್ಲುತ್ತದೆ. ಆಮೇಲೆ ನಿಧಾನವಾಗಿ ಇಳಿಯುತ್ತದೆ. ಹೆದರಿ ನಡುವೆ ಬಿಡಿಸಿಕೊಂಡು ಹೋಗಬೇಡಿ.

ಆ ದಿನವೇ ಮಧ್ಯಾಹ್ನದ ಬಸ್ಸಿಗೆ ಭಜನೆ ಬಳಗ ಬಂದಿಳಿಯಿತು. ಒಂಬತ್ತು ಜನ. ಒಂದು ಡಬ್ಬಿ ವಿಭೂತಿ, ಒಂದು ಬಾಟಲಿ ತೀರ್ಥ, ಮತ್ತು ಬಾಳೆಹಣ್ಣು, ನಾಲ್ಕು ದಿನದಲ್ಲಿ ನುಂಗಲೂ ಆಗದಂತಾಗಲಿದ್ದ ಮನುಷ್ಯನಿಗೆ. ಮಂಚದ ಸುತ್ತ ನಿಂತು ಫೋಟೊ ತೆಗೆಸಿಕೊಂಡರು. ಅದರಲ್ಲಿ ನನ್ನ ಗಂಡನ ಬಾಯಿ ತೆರೆದಿದೆ, ಅಂಗಿಯ ಗುಂಡಿ ಬಿಚ್ಚಿದೆ, ಅಧ್ಯಕ್ಷರ ಸೆರಗು ಮಾತ್ರ ನೆಟ್ಟಗಿದೆ. ಸಂಜೆಯ ಹೊತ್ತಿಗೆ ಆ ಫೋಟೊ ಊರಿನ ಎಲ್ಲ ಮೊಬೈಲಿನಲ್ಲಿ. ಕೆಳಗೆ ಸಾಲು ಸಾಲು ಕೈಮುಗಿದ ಚಿತ್ರಗಳು. ಗುರುತೇ ಇಲ್ಲದವರೊಬ್ಬರು ‘ಆತ್ಮಕ್ಕೆ ಶಾಂತಿ ಸಿಗಲಿ’ ಎಂದೂ ಬರೆದಿದ್ದರು.

ಬಂದವರು ಸುಮ್ಮನೆ ಮರಳಿ ಹೋಗಲಿಲ್ಲ, ಪಾಳಿ ಹಚ್ಚಿದರು. ದಿನಕ್ಕೆ ಇಬ್ಬರಂತೆ ಗದಗಿನಲ್ಲಿ ಇರಬೇಕೆಂದು ಅಧ್ಯಕ್ಷರ ಆಜ್ಞೆ. ಬೆಟಗೇರಿಯಲ್ಲಿ ಬಳಗದ ಒಬ್ಬಾಕೆಯ ತಂಗಿಯ ಮನೆ, ನೇಕಾರರು. ಅಲ್ಲಿಂದ ರೊಟ್ಟಿ, ಮೆಂತ್ಯ ಪಲ್ಯ ಬರತೊಡಗಿತು. ಐಸಿಯು ಹೊರಗಿನ ಮೊಗಸಾಲೆಯಲ್ಲಿ ಇಬ್ಬರು ಹೆಂಗಸರು ಸದಾ ಚಾಪೆ ಹಾಸಿಕೊಂಡು ಕೂತಿರುತ್ತಿದ್ದರು. ಅದರಲ್ಲೂ ಒಬ್ಬಾಕೆ, ಹೊಂಬಳದ ತವರಿನವಳು, ಲಕ್ಷ ಬತ್ತಿ ಹೊಸೆದು ದೀಪ ಹಚ್ಚುತ್ತೇನೆಂದು ಹರಕೆ ಹೊತ್ತು, ಆಸ್ಪತ್ರೆಯ ನೆಲದ ಮೇಲೆ ಹತ್ತಿ ಹರವಿಕೊಂಡು ಬತ್ತಿ ಹೊಸೆಯುತ್ತಿದ್ದಳು. ಹತ್ತಿಯ ಎಳೆ ಗಾಳಿಗೆ ಹಾರಿ ನರ್ಸುಗಳ ಕೂದಲಿಗೆ ಅಂಟುತ್ತಿತ್ತು. ಕಾವಲಿನವನು ಎಬ್ಬಿಸಿ ಹೊರಗೆ ಕಳಿಸಿದ. ಅರ್ಧ ಗಂಟೆ ಬಿಟ್ಟು ಇನ್ನೊಂದು ಬಾಗಿಲಿನಿಂದ ಬಂದು ಅದೇ ಜಾಗದಲ್ಲಿ ಕೂತಳು. ಮೂರು ಸಲ ಹೀಗಾದ ಮೇಲೆ ಅವನಿಗೇ ಬೇಜಾರಾಯಿತು.

“ಆಸ್ಪತ್ರ್ಯಾಗ ಹತ್ತಿ ಕಡಿಮಿ ಬಿದ್ರ ನನ್ನ ಕೇಳ್ರಿ,” ಎಂದು ಆಕೆ ನರ್ಸಿಗೆ ಹೇಳಿದಳು. ನನಗೆ ನಾಚಿಕೆಯಿಂದ ಎಲ್ಲಾದರೂ ಅಡಗಬೇಕು ಅನ್ನಿಸಿತು.

ಡಾಕ್ಟರಮ್ಮ ಹೇಳಿದ ಹಾಗೆಯೇ ಆಯಿತು. ನಾಲ್ಕನೆಯ ದಿನಕ್ಕೆ ಕೈಗಳು ಹೋದವು. ಐದನೆಯ ದಿನ ಮುಖದ ಒಂದು ಬದಿ ಜೋತು ಬಿತ್ತು, ಮಾತು ತೊದಲಿತು. ಆ ದಿನ ಬೆಳಿಗ್ಗೆ ಪಾಳಿಯ ಹೆಂಗಸರನ್ನು ಅಲ್ಲಿ ಬಿಟ್ಟು, ಮೈ ತೊಳೆದುಕೊಂಡು ಬಟ್ಟೆ ತರಲೆಂದು ನಾನು ಬಸ್ಸು ಹಿಡಿದು ಲಕ್ಷ್ಮೇಶ್ವರಕ್ಕೆ ಬಂದೆ. ಮನೆಯ ಮುಂದೆ ಒಂದು ಜೀಪು ನಿಂತಿತ್ತು. ಪಡಸಾಲೆಯಲ್ಲಿ ಅಸುಂಡಿಯ ಸೋದರಮಾವ ಕೂತಿದ್ದರು. ನನ್ನ ಗಂಡನ ತಾಯಿಯ ತಮ್ಮ. ನಮ್ಮ ಮಾವನವರು ತೀರಿದ ಮೇಲೆ ಈ ಮನೆಯ ದೊಡ್ಡ ಮಾತುಗಳೆಲ್ಲ ಅವರ ಬಾಯಿಯಿಂದಲೇ ಬರಬೇಕು.

“ನಾವು ಅವನ್ನ ಕರಕೊಂಡು ಬರಾಕ ಹೊಂಟೇವಿ,” ಎಂದರು. “ಮುಂಡರಗಿ ಕಡೆ ಒಂದು ಹಳ್ಳ್ಯಾಗ ಲಕ್ವಾಕ್ಕ ಔಷಧ ಕೊಡಾಂವ ಅದಾನ. ಪಾರಿವಾಳದ ರಕ್ತ ಹಚ್ಚಿ ತಿಕ್ಕತಾನಂತ. ಹನ್ನೊಂದು ದಿನಕ್ಕ ಎದ್ದು ಅಡ್ಡಾಡತಾರಂತ.”

ನಮ್ಮದು ತತ್ತಿಯನ್ನೂ ಒಳಗೆ ತರದ ಮನೆ. ಅಂಥ ಮನೆಯ ಪಡಸಾಲೆಯಲ್ಲಿ, ಗುರುಗಳ ಫೋಟೊದ ಕೆಳಗೆ, ಪಾರಿವಾಳದ ರಕ್ತದ ಮಾತು ನಡೆದಿತ್ತು. ನನ್ನ ಅತ್ತೆ ಕಣ್ಣು ಒರೆಸಿಕೊಳ್ಳುತ್ತ ತಲೆಯಾಡಿಸುತ್ತಿದ್ದರು.

“ಮಾವಾರ, ಇದು ಲಕ್ವಾ ಅಲ್ರಿ,” ಎಂದೆ. “ಬ್ಯಾರೆ ರೋಗ. ಹೆಚ್ಚಾಗೇ ಇಳಿಯೂದು ಅಂತ ಡಾಕ್ಟರು ಮೊದಲ ಹೇಳ್ಯಾರ. ಈಗ ತಂದ್ರ ಉಸಿರು ನಿಂತು ಹೋಗತಾರ.”

“ಹೋಗೂವಾಗ ಕಾಲಷ್ಟ ಬರ್ತಿದ್ದಿಲ್ಲ, ಈಗ ಕೈನೂ ಎತ್ತವಲ್ಲ. ಐದು ದಿನಾ ಆತು. ಅಲ್ಲೇ ಇಟ್ರ ಹೆಣಾನ ಕೊಡತಾರ.”

ನಾನು ನರದ ಮೇಲಿನ ಪೊರೆಯ ಬಗ್ಗೆ ಹೇಳಿದೆ. ಔಷಧ ಏನು ಮಾಡುತ್ತದೆ ಎಂದು ಹೇಳಿದೆ. ವಯರಿನ ಮೇಲಿನ ಪ್ಲಾಸ್ಟಿಕ್ಕಿನ ಉದಾಹರಣೆಯನ್ನೂ ಕೊಟ್ಟೆ. ಇಪ್ಪತ್ತು ವರ್ಷ ಪಾಠ ಮಾಡಿದ ನನ್ನ ಬಾಯಿಗೆ ಆ ದಿನ ಬೆಲೆಯೇ ಇರಲಿಲ್ಲ.

“ಇದನ್ನ ನೀ ಸಾಲ್ಯಾಗ ಹುಡುಗೂರಿಗೆ ಹೇಳವ್ವಾ,” ಎಂದರು ಸೋದರಮಾವ.

ನಾನು ಅತ್ತೆಯ ಕಡೆ ತಿರುಗಿದೆ. “ಅತ್ತಿ, ನೀವರ ಹೇಳ್ರಿ.”

ಅವರು ನನ್ನ ಮುಖ ನೋಡದೆ ಹೇಳಿದರು. “ಹಡದಾಕಿ ನಾನು. ನಿನಗ ಹೆಂಗ ತಿಳೀಬೇಕು?”

ಸಿಟ್ಟಿನಿಂದ ನನ್ನ ಕಿವಿ ಬಿಸಿಯಾದದ್ದು ನೆನಪಿದೆ. ಆಸ್ಪತ್ರೆಯಿಂದ ಬಿಡಿಸಲು ಗಂಡನ ಪರವಾಗಿ ಸಹಿ ನನ್ನದೇ ಬೇಕು, ನಾನು ಮಾಡುವುದಿಲ್ಲ ಎಂದೆ. ಸಹಿ ಇಲ್ಲದೆಯೂ ಹೊತ್ತು ತರುತ್ತೇವೆ ಎಂದರು. ತರುತ್ತಿದ್ದರು ಕೂಡ.

ಅಷ್ಟರಲ್ಲಿ ಅಧ್ಯಕ್ಷರು ಕೈಚೀಲ ಹಿಡಿದು ಒಳಗೆ ಬಂದರು. ಆ ದಿನ ಗದಗಿಗೆ ಅವರ ಪಾಳಿ. ದಾರ, ಅರಳಿ ಮರ, ಕೂಸು, ತೀರ್ಥ, ಇವೆಲ್ಲವುಗಳ ಮೂಲ ಈ ಹೆಂಗಸು. ಪಾರಿವಾಳ ಒಂದು ಬಾಕಿಯಿತ್ತು. ಅವರು ಗೋಡೆಗೆ ಆತು ನಿಂತು ಎರಡೂ ಕಡೆಯ ಮಾತು ಕೇಳಿದರು. ಆಮೇಲೆ ಕೈಚೀಲ ಕೆಳಗಿಟ್ಟರು.

“ನೀವ್ಯಾರು, ನಾನ್ಯಾರು ಹೇಳಾಕ?” ಎಂದರು. “ಓಣ್ಯಾಗ ಅಪ್ಪ ಕುಂತಾನ. ಅಂವನ್ನ ಕೇಳೂಣು. ಅಂವ ಬಾ ಅಂದ್ರ ಬರಲಿ, ಇರು ಅಂದ್ರ ಇರಲಿ. ಏನ್ರಿ ಮಾವಾರ?”

ಸೋದರಮಾವ ಒಪ್ಪಿದರು. ಒಪ್ಪದೆ ಏನು ಮಾಡುತ್ತಾರೆ, ಬಸವಣ್ಣನನ್ನು ಕೇಳುವುದು ಬೇಡ ಎನ್ನಲು ಬರುತ್ತದೆಯೆ?

ಓಣಿಯ ತುದಿಗೆ ಬಸವಣ್ಣನ ಗುಡಿ. ಒಳಗೆ ಆಳೆತ್ತರದ ಕಲ್ಲಿನ ಬಸವಣ್ಣ ಮಲಗಿದ್ದಾನೆ. ಪೂಜಾರಿ ಹೊಲಕ್ಕೆ ಹೋಗಿದ್ದ, ಹಾಗಾಗಿ ಅಧ್ಯಕ್ಷರೇ ಮುಂದೆ ನಿಂತರು. ಹೂವಿನ ಅಪ್ಪಣೆ ಕೇಳುವುದೆಂದರೆ, ಎರಡು ಕಣಗಿಲೆ ಹೂವನ್ನು ನೀರಲ್ಲಿ ಅದ್ದಿ ಬಸವಣ್ಣನ ಎರಡು ಕಿವಿಯ ಹತ್ತಿರ ಅಂಟಿಸುವುದು; ಯಾವುದು ಮೊದಲು ಬೀಳುತ್ತದೋ ಅದು ಅವನ ಮಾತು.

“ಆಸ್ಪತ್ರ್ಯಾಗ ಇರಲಿ ಅಂದ್ರ ಬಲಕ್ಕ ಕೊಡಪ್ಪಾ. ಕರಕೊಂಡು ಬರ್ರಿ ಅಂದ್ರ ಎಡಕ್ಕ ಕೊಡು,” ಎಂದು ಅಧ್ಯಕ್ಷರು ಗಟ್ಟಿಯಾಗಿ ಹೇಳಿದರು.

ಎಲ್ಲರೂ ಎದುರಿಗೆ ಕೂತಿದ್ದರು. ಕೂಡುವ ಮನಸ್ಸಾಗದೆ ನಾನು ಎಡಗಡೆ ಕಂಬಕ್ಕೆ ಆತು ನಿಂತಿದ್ದೆ. ಹಾಗಾಗಿ ನಾನು ಕಂಡೆ. ಎಡಗಿವಿಗೆ ಹೂ ಅಂಟಿಸುವಾಗ ಅಧ್ಯಕ್ಷರು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಬಾಗಿದರು. ಆ ಮರೆಯಲ್ಲಿ ವಿಭೂತಿ ಬಟ್ಟಲಿಗೆ ಬೆರಳು ಅದ್ದಿ, ಗಟ್ಟಿ ಕಲಸಿದ ವಿಭೂತಿಯನ್ನು ಹೂವಿನ ತೊಟ್ಟಿಗೆ ಮೆತ್ತಿ, ಹೆಬ್ಬೆರಳಿನಿಂದ ಕಲ್ಲಿಗೆ ಒತ್ತಿ ಹಿಡಿದರು. ರೊಟ್ಟಿಯ ಅಂಚು ಒತ್ತುವ ಹಾಗೆ. ಬಲಗಡೆಯ ಹೂವನ್ನು ಮಾತ್ರ, ಕಿವಿಯ ಇಳಿಜಾರಿನ ಮೇಲೆ, ಹಾಗೇ ಸುಮ್ಮನೆ ಇಟ್ಟರು. ಆಮೇಲೆ ಹಿಂದೆ ಸರಿದು ಕಣ್ಣು ಮುಚ್ಚಿ, ಶ್ರುತಿ ತಪ್ಪಿದ ಆ ಗಟ್ಟಿ ದನಿಯಲ್ಲಿ ಶಿವನಾಮ ಹಿಡಿದರು. ಹೆಂಗಸರು ದನಿಗೂಡಿಸಿದರು.

ನಾಮದ ಎರಡನೆಯ ಸುತ್ತಿನಲ್ಲಿ ಬಲಗಡೆಯ ಹೂವು ಬಿತ್ತು.

ಸೋದರಮಾವ ತಲೆಯ ಪಟಕ ತೆಗೆದು ಕಲ್ಲಿನ ಮೇಲೆ ತಲೆಯಿಟ್ಟು ನಮಸ್ಕಾರ ಮಾಡಿದರು. ಅತ್ತೆ ಗಳಗಳ ಅತ್ತರು. ಬಲಕ್ಕೆ ಕೊಟ್ಟ, ಬಲಕ್ಕೆ ಕೊಟ್ಟ ಎಂದು ಓಣಿಯೆಲ್ಲ ಆಯಿತು. ಜೀಪು ಅಸುಂಡಿಗೆ ತಿರುಗಿ ಹೋಯಿತು. ನರ, ಪೊರೆ, ಔಷಧ, ವಯರು ಅಂತ ನಾನು ಒಂದು ತಾಸು ಗಂಟಲು ಹರಿದುಕೊಂಡಿದ್ದೆ. ಅದು ಮಾಡದ್ದನ್ನು ಒಂದು ಚಿಟಿಕೆ ಬೂದಿ ಮಾಡಿತು. ಆ ಜನರ ಬಗ್ಗೆ ನನಗೆ ಹಿಂದೆಂದೂ ಅಷ್ಟು ತಿರಸ್ಕಾರ ಬಂದಿರಲಿಲ್ಲ. ನೆಮ್ಮದಿಯೂ ಅಷ್ಟೇ ಆಗಿತ್ತು. ಎರಡೂ ಒಂದೇ ಹೊತ್ತಿಗೆ ಬಂದವು. ಗುಡಿಯ ಹಿಂದೆ ಹೋಗಿ ನಳದ ನೀರು ಕುಡಿದೆ.

ಮರುದಿನ ಬೆಳಿಗ್ಗೆ ನನ್ನ ಗಂಡನ ಉಸಿರು ಸಾಲದಾಯಿತು. ಗಂಟಲಿಗೆ ನಳಿಕೆ ಹಾಕಿ ವೆಂಟಿಲೇಟರಿಗೆ ಹಚ್ಚಿದರು. ಆ ಹೊತ್ತಿನಲ್ಲಿ ಅವರು ಮುಂಡರಗಿ ಕಡೆಯ ಹಳ್ಳಿಯಲ್ಲಿ ರಕ್ತ ಬಳಿಸಿಕೊಂಡು ಮಲಗಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ವಿಜ್ಞಾನದ ಶಿಕ್ಷಕಿಯೇ ಬೇಕಿಲ್ಲ.

ವೆಂಟಿಲೇಟರಿನ ಮೂರನೆಯ ದಿನ, ಮಧ್ಯಾಹ್ನ, ಆಸ್ಪತ್ರೆಯ ಅಂಗಳದ ಬೇವಿನ ಮರದ ಕೆಳಗೆ ನಾನು ಮತ್ತು ಅಧ್ಯಕ್ಷರು ರೊಟ್ಟಿ ತಿನ್ನುತ್ತಿದ್ದೆವು. ಅವರು ನನ್ನ ತಟ್ಟೆಗೆ ಕೇಳದೆ ಇನ್ನೊಂದು ರೊಟ್ಟಿ ಹಾಕಿದರು. ನನಗೆ ತಡೆಯಲಾಗಲಿಲ್ಲ.

“ಎಡಗಡಿ ಹೂವಿಗೆ ವಿಭೂತಿ ಮೆತ್ತಿದ್ರಿ. ನಾ ನೋಡೇನಿ,” ಎಂದೆ.

ಅವರು ಗಾಬರಿಯಾಗಲಿಲ್ಲ. ಪಲ್ಯ ಮೆದ್ದು ನುಂಗಿ, ನೀರು ಕುಡಿದರು.

“ಟೀಚರ್, ಅಂವಗ ಆ ಹೂವು ಬೀಳಸಬೇಕಂತ ಮನಸ್ಸಿದ್ದಿದ್ರ ನನ್ನ ವಿಭೂತಿ ಏನ್ ಹಿಡೀತಿತ್ತು?”

ನಾನು ರೊಟ್ಟಿ ಮುರಿದು ಪಲ್ಯಕ್ಕೆ ಅದ್ದಿದೆ.

“ನಾವು ಬಂದ ದಿನಾ ಸಂಜೀಕ ಡಾಕ್ಟರಮ್ಮ ನಿಮಗ ಇನ್ನೊಮ್ಮೆ ಹೇಳೂವಾಗ ನಾನೂ ಬಾಗಲದಾಗ ನಿಂತಿದ್ದೆ,” ಎಂದರು. “ಬಿಡಿಸಿಕೊಂಡು ಹೋಗಬ್ಯಾಡ್ರಿ ಅಂದ್ಲು. ನನಗೂ ಕನ್ನಡ ತಿಳೀತೈತ್ರಿ. ನಿಮಗೊಬ್ಬರಿಗೇ ಏನು?” ಆಮೇಲೆ ದನಿ ತಗ್ಗಿಸಿ, “ಈ ಮಾತು ಯಾರ ಮುಂದೂ ಆಡಬ್ಯಾಡ್ರಿ. ಬಸವಣ್ಣನ ಮರ್ಯಾದಿ ಹೋಗತೈತಿ.”

ಬಸವಣ್ಣನ ಮರ್ಯಾದೆಯಂತೆ! ಮೋಸ ಮಾಡಿದ್ದು ಇವರು, ಬಾಯಿ ಮುಚ್ಚಬೇಕಾದದ್ದು ನಾನು. ಆ ಹೆಂಗಸು ಖರೇನೇ ನಂಬುತ್ತಾರೋ ಇಲ್ಲವೋ ಎಂದು ಇವತ್ತಿನವರೆಗೂ ನನಗೆ ತಿಳಿದಿಲ್ಲ. ತಿಳಿಯದ್ದನ್ನು ಸಹಿಸುವುದು ನನಗೆ ಕಷ್ಟ.

ಹನ್ನೊಂದು ದಿನ ವೆಂಟಿಲೇಟರು. ಅಧ್ಯಕ್ಷರು ಅದರಲ್ಲೂ ಕೈಯಾಡಿಸದೆ ಬಿಡಲಿಲ್ಲ. ತಾವೇ ಹಾಡಿದ ಒಂದು ಭಜನೆಯನ್ನು ಮೊಬೈಲಿಗೆ ತುಂಬಿಸಿ, ನರ್ಸನ್ನು ಹೇಗೋ ಒಲಿಸಿ, ನನ್ನ ಗಂಡನ ದಿಂಬಿನ ಹತ್ತಿರ ಇಡಿಸಿದರು. ಮುಗಿದರೆ ಮತ್ತೆ ಅದೇ. ಈ ರೋಗದಲ್ಲಿ ಬುದ್ಧಿಗೆ ಮಂಕಿಲ್ಲ. ಕಣ್ಣ ರೆಪ್ಪೆಯೂ ಆಡಿಸಲಾರದ ಮನುಷ್ಯ ಎಲ್ಲವನ್ನೂ ಕೇಳುತ್ತ ಮಲಗಿರುತ್ತಾನೆ. ಎಂಥ ಶಿಕ್ಷೆ ಎಂದು ನಾನು ಹಲ್ಲು ಕಡಿದೆ. ತೆಗೆಸಲು ಹೋದರೆ ಅತ್ತೆ ಬಿಡಲಿಲ್ಲ.

ನಳಿಕೆ ತೆಗೆದು ದನಿ ಮರಳಿದ ಮೇಲೆ ನಾನು ಮೊದಲು ಕೇಳಿದ್ದು ಅದನ್ನೇ. “ಆ ಹಾಡು ಭಾಳ ತ್ರಾಸು ಕೊಡ್ತೇನ್ರಿ?”

ಅವರು ಸಣ್ಣ ದನಿಯಲ್ಲಿ ಹೇಳಿದರು. “ಮೂರನೇ ಸಾಲಿಗೆ ಆಕಿ ಶ್ರುತಿ ತಪ್ಪತಾಳ. ಪ್ರತಿ ಸಲ ಅಲ್ಲೇ ತಪ್ಪತಾಳ. ಈಗ ತಪ್ಪತಾಳ, ಈಗ ತಪ್ಪತಾಳ ಅಂತ ಕಾಯ್ತಿದ್ದೆ. ಕಾಯಾಕ ಬ್ಯಾರೆ ಏನಿತ್ತು?”

ಬೈದಿದ್ದಾರೋ ಹೊಗಳಿದ್ದಾರೋ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ.

ಒಂದೂವರೆ ತಿಂಗಳ ಮೇಲೆ ಮನೆಗೆ ಬಂದರು. ಬಂದದ್ದು ಚೀಲದ ಹಾಗೆ. ಕೂಡಿಸಿದರೆ ಕೂಡಬೇಕು, ಹೊರಳಿಸಿದರೆ ಹೊರಳಬೇಕು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ ಎಂದು ಹೇಳಿ ಕಳಿಸಿದ್ದರು. ನನಗೆ ಶಾಲೆ, ಅತ್ತೆಗೆ ಎಪ್ಪತ್ತು ದಾಟಿದೆ. ಹೆಂಗಸರು ಪರಗಂಡಸಿನ ಮೈ ಮುಟ್ಟುವುದು ಹೇಗೆ ಎಂದು ಬಳಗದಲ್ಲಿ ಒಂದು ಸೋಮವಾರವಿಡೀ ಚರ್ಚೆ. ಅಧ್ಯಕ್ಷರು ಅದಕ್ಕೂ ಪರಿಹಾರ ಕಂಡರು: ಬಳಗದವರ ಗಂಡಂದಿರನ್ನು ಪಾಳಿಗೆ ಹಾಕಿದರು. ಕೇಳಲಿಲ್ಲ, ಹಾಕಿದರು. ಎಣ್ಣೆ ಗಿರಣಿಯ ಸಾವ್ಕಾರರು, ತಾವು ಉಂಡ ತಟ್ಟೆಯನ್ನು ಎಂದೂ ಎತ್ತಿಟ್ಟವರಲ್ಲ, ಬೆಳಿಗ್ಗೆ ಏಳಕ್ಕೆ ಧೋತರ ಮೇಲೆ ಕಟ್ಟಿ ನನ್ನ ಗಂಡನ ಮೈ ಒರೆಸಿ, ಗಡ್ಡ ಬೋಳಿಸುತ್ತಿದ್ದರು. ಮೊದಲ ದಿನ ಮೂರು ಕಡೆ ಕೊಯ್ದರು.

“ಏನೋ ಮಾರಾಯಾ, ನನ್ನ ಹೇಂತಿಗೆ ನನ್ನ ಮ್ಯಾಲೂ ಇಷ್ಟು ಪ್ರೀತಿ ಇಲ್ಲ,” ಎಂದು ಅವರು ಗೊಣಗಿದ್ದನ್ನು ನಾನು ಚಹಾ ತರುವಾಗ ಕೇಳಿದೆ. ನನ್ನ ಗಂಡ ನಗಲು ಹೋಗಿ ಬಾಯಿಯ ಒಂದೇ ಬದಿ ನಕ್ಕಿತು.

ನಾಲ್ಕು ತಿಂಗಳು ಒಂದು ದಿನವೂ ಪಾಳಿ ತಪ್ಪಲಿಲ್ಲ. ಬೆನ್ನಿಗೆ ಒಂದು ಹುಣ್ಣೂ ಆಗಲಿಲ್ಲ. ಇದಕ್ಕೆ ಪ್ರತಿಯಾಗಿ ನಾವು ಸಹಿಸಿದ್ದನ್ನೂ ಹೇಳಬೇಕು. ಬಂದವರೆಲ್ಲ ನನ್ನ ಅಡುಗೆ ಮನೆಯ ಡಬ್ಬಿಗಳ ಜಾಗ ಬದಲಿಸಿದರು. ನನ್ನ ಹಾಸಿಗೆಯ ಮೇಲೆ ಕೂತು ನನ್ನ ಅತ್ತೆಗೆ ನನ್ನ ಬಗ್ಗೆಯೇ ಚಾಡಿ ಹೇಳಿದರು. ಗುರುಗಳೊಬ್ಬರನ್ನು ಹನ್ನೆರಡು ಜನ ಭಕ್ತರೊಡನೆ ಕರೆತಂದರು. ಅವರು ಪಾದಪೂಜೆ ಮಾಡಿಸಿಕೊಂಡು, ಪೂರ್ವಜನ್ಮದ ಫಲ ಎಂದು ರೋಗಿಯ ಮುಖಕ್ಕೇ ಹೇಳಿ, ಕೇಸರಿಬಾತು ತಿಂದು ಹೋದರು. ವ್ಯಾಯಾಮ ಮಾಡಿಸಲು ಬರುವ ಫಿಜಿಯೊಥೆರಪಿಯ ಹೆಣ್ಣುಮಗಳು ಯಾವ ಜಾತಿಯವಳೆಂದು ಅವಳ ಎದುರೇ ಕೇಳಿದರು. ಅವಳು ಉತ್ತರ ಕೊಡದೆ, “ಅಜ್ಜಿ, ಈ ಕಾಲು ಹಿಡೀರಿ,” ಎಂದಳು. ಕೇಳಿದಾಕೆ ಕಾಲು ಹಿಡಿದಳು. ಅಷ್ಟೇ ಒಂದು ಸಮಾಧಾನ.

ಅವರು ಕೋಲು ಹಿಡಿದು ಹತ್ತು ಹೆಜ್ಜೆ ನಡೆದ ವಾರವೇ ಗುಡಿಯಲ್ಲಿ ದೊಡ್ಡ ಪೂಜೆ ಇಟ್ಟರು. ಫ್ಲೆಕ್ಸ್ ಬ್ಯಾನರ್ ಕಟ್ಟಿದರು. ಅದರಲ್ಲಿ ಬಸವಣ್ಣ ದೊಡ್ಡವನು, ಅಧ್ಯಕ್ಷರು ಮಧ್ಯಮ, ನನ್ನ ಗಂಡ ಒಂದು ಮೂಲೆಯಲ್ಲಿ. ಸೋದರಮಾವ ಮೈಕು ಹಿಡಿದು, ಅಪ್ಪನನ್ನು ಕೇಳದೆ ಆಸ್ಪತ್ರೆ ಬಿಡಿಸುವುದು ಬೇಡ ಎಂದು ತಾವೇ ಹಟ ಹಿಡಿದದ್ದಾಗಿ ಹೇಳಿದರು. ಹೇಳುವಾಗ ಅವರ ಕಣ್ಣಲ್ಲಿ ನೀರಿತ್ತು. ಅಷ್ಟರಲ್ಲಾಗಲೇ ಅವರು ಅದನ್ನು ನಂಬಿದ್ದರು. ಆಮೇಲೆ ಅಧ್ಯಕ್ಷರು ನನ್ನ ಕಡೆ ತಿರುಗಿದರು.

“ಎರಡು ಮಾತು ಹೇಳ್ರಿ ಟೀಚರ್.”

ಎದುರಿಗೆ ಇಡೀ ಓಣಿ ಕೂತಿತ್ತು. ಹೇಳಬೇಕೆಂದರೆ ಹೇಳಬಹುದಿತ್ತು, ವಿಭೂತಿಯ ಕಥೆಯನ್ನು, ಹೆಬ್ಬೆರಳಿನ ಸಮೇತ. ಇಷ್ಟು ವರ್ಷದ ದಾರ, ಅರಳಿ ಮರ, ಮಡಿಲಿನ ಕೂಸು, ಎಲ್ಲದಕ್ಕೂ ಒಂದೇ ಏಟಿಗೆ ಉತ್ತರ. ಅಧ್ಯಕ್ಷರು ನನ್ನನ್ನೇ ನೋಡುತ್ತಿದ್ದರು. ಬೇಡಿಕೊಳ್ಳುವ ಮುಖವಲ್ಲ, ಯಾವ ಪಾತ್ರೆಯ ಪ್ರಸಾದ ಮೊದಲು ಹಂಚಬೇಕು ಎಂದು ಲೆಕ್ಕ ಹಾಕುವ ಮುಖ.

ನಾನು ಡಾಕ್ಟರಮ್ಮನ ಬಗ್ಗೆ ಹೇಳಿದೆ. ನರ್ಸುಗಳ ಬಗ್ಗೆ ಹೇಳಿದೆ. ಗದ್ದಲದ ನಡುವೆ ನರದ ಮೇಲಿನ ಪೊರೆಯನ್ನೂ ವಿವರಿಸಿದೆ. ಜನ ಮಂತ್ರ ಕೇಳುವಷ್ಟೇ ಭಕ್ತಿಯಿಂದ, ಅಷ್ಟೇ ಅರ್ಥವಾಗದೆ, ಕೇಳಿದರು. ಪಾಳಿಗೆ ಬಂದವರೆಲ್ಲರಿಗೂ ಉಪಕಾರ ಎಂದೆ. ವಿಭೂತಿಯ ಮಾತು ಆಡಲಿಲ್ಲ. ಹೇಡಿತನ ಎಂದರೂ ಸರಿ.

“ಆ ಡಾಕ್ಟರಮ್ಮನ ಕೈಯಾಗೂ ಅಂವನೇ ಕುಂತಿದ್ದ,” ಎಂದು ಅಧ್ಯಕ್ಷರು ಮೈಕು ಕಸಿದುಕೊಂಡು ಮುಗಿಸಿದರು. ಚಪ್ಪಾಳೆ ಅವರಿಗೆ ಬಿತ್ತು.

ಈಗ ನನ್ನ ಗಂಡ ಅಂಗಡಿಗೆ ಹೋಗುತ್ತಾರೆ. ಎಡಗಾಲು ಇನ್ನೂ ಸ್ವಲ್ಪ ಎಳೆಯುತ್ತದೆ, ಬೆರಳಿಗೆ ಅಂಗಿ ಗುಂಡಿ ಸಿಗುವುದಿಲ್ಲ, ನಾನು ಹಾಕುತ್ತೇನೆ. ಸೋಮವಾರ ಸಂಜೆ ಬೇಗ ಬಂದು ಪಡಸಾಲೆಯ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಭಜನೆ ಕೇಳುತ್ತಾರೆ. ನನಗೆ ಅದು ಹಿಡಿಸುವುದಿಲ್ಲ. ನನ್ನ ಕೋಣೆಯ ಬಾಗಿಲು ನಾನು ಹಾಕಿಕೊಳ್ಳುತ್ತೇನೆ.

ಹೋದ ವರ್ಷ ಬತ್ತಿ ಹೊಸೆಯುತ್ತಿದ್ದ ಹೊಂಬಳದಾಕೆಗೆ ಎದೆಯಲ್ಲಿ ಗಂಟು ಕಂಡಿತು. ಕ್ಯಾನ್ಸರ್. ಮೂರು ವಾರಕ್ಕೊಮ್ಮೆ ಹುಬ್ಬಳ್ಳಿಗೆ ಹೋಗಿ ಔಷಧ ಏರಿಸಿಕೊಂಡು ಬರಬೇಕು. ಅದು ಗೊತ್ತಾದ ಮರುದಿನ ಅಧ್ಯಕ್ಷರ ಫೋನು.

“ಗುರುವಾರ ಮಧ್ಯಾಹ್ನ ನಿಮ್ಮ ಪಾಳಿ, ಟೀಚರ್. ಆಕಿ ಮನ್ಯಾಗ ಕುಂಡ್ರಬೇಕು.”

“ನನಗ ಸಾಲಿ ಐತ್ರಿ ಅಕ್ಕಾರ.”

“ಗುರುವಾರ ಊಟದ ಮ್ಯಾಲೆ ನಿಮಗ ಕ್ಲಾಸು ಇಲ್ಲ. ಹೆಡ್‌ಮಾಸ್ತರನ್ನ ಕೇಳೇನಿ,” ಎಂದು ಫೋನು ಇಟ್ಟರು.

ಸಿಟ್ಟಿನಲ್ಲೇ ಹೋದೆ. ಆಕೆ ಗೋಡೆಗೆ ಒರಗಿ ಕೂತಿದ್ದಳು, ತಲೆಗೆ ಸೆರಗು ಬಿಗಿದುಕೊಂಡು. ಕೂದಲೆಲ್ಲ ಹೋಗಿತ್ತು. ಬಂದವರೆಲ್ಲ ಆಕೆಗೆ ಒಂದೊಂದು ಹಾಡು ಹೇಳಿ ಹೋಗುತ್ತಿದ್ದರಂತೆ. ನನಗೆ ಹಾಡು ಬರುವುದಿಲ್ಲ ಎಂದೆ.

“ಬ್ಯಾಡ್ರಿ, ಸಾಕಾಗೇತಿ,” ಎಂದಳು. “ಈ ಕಾಗದದಾಗ ಏನು ಬರದಾರ ಹೇಳ್ರಿ. ಯಾರೂ ಖರೆ ಹೇಳವಲ್ರು.”

ರಿಪೋರ್ಟು ಓದಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಎಷ್ಟು ದೊಡ್ಡದಿತ್ತು, ಎಲ್ಲಿಗೆ ಹಬ್ಬಿಲ್ಲ, ಔಷಧ ಯಾಕೆ ವಾಂತಿ ತರುತ್ತದೆ, ಕೂದಲು ಯಾಕೆ ಉದುರುತ್ತದೆ. ಆಕೆ ಗಲ್ಲಕ್ಕೆ ಕೈಯಿಟ್ಟು ಕೇಳಿದಳು. ನಡುವೆ ಎರಡು ಸಲ ನಿಲ್ಲಿಸಿ, “ಅದನ್ನ ಇನ್ನೊಮ್ಮೆ ಹೇಳ್ರಿ,” ಎಂದಳು. ಹೇಳಿದೆ.

“ಕೂದಲಾ ಮತ್ತ ಬರತಾವ?”

“ಬರತಾವು.”

“ಖರೆ?”

“ಖರೆ. ಔಷಧ ಮುಗದು ಎರಡು ಮೂರು ತಿಂಗಳಿಗೆ.”

“ಕರೇವು ಬರತಾವೋ, ಬೆಳ್ಳಗಿನವೋ?”

ಅದು ನನಗೆ ಗೊತ್ತಿರಲಿಲ್ಲ. ಡಾಕ್ಟರನ್ನು ಕೇಳಿ ಬರುವ ಗುರುವಾರ ಹೇಳುತ್ತೇನೆ ಎಂದೆ.

“ಕೇಳ್ರಿ ಮತ್ತ, ಮರೀಬ್ಯಾಡ್ರಿ,” ಎಂದಳು. ಸೆರಗಿನೊಳಗೆ ಬೆರಳು ತೂರಿಸಿ ನೆತ್ತಿ ಕೆರೆದುಕೊಂಡಳು. “ಕರೇವು ಬಂದ್ರ ಆ ಎಣ್ಣಿ ಗಿರಣಿಯಾಕಿ ಹೊಟ್ಟಿ ಹೆಂಗ ಉರೀತೈತಿ ನೋಡಬೇಕು ನಾನು.”